ಮಂತ್ರಿ ಬಂದ ದಿನ ಠಾಣೆ ಖಾಲಿ: ಬಂದೋಬಸ್ತ್ ಯಾರಿಗೆ, ಎಷ್ಟು, ಯಾರ ಲೆಕ್ಕದಲ್ಲಿ?

ಬಿ.ಎಚ್. ರಸ್ತೆಯ ಅಂಗಡಿಯವ (ತುಮಕೂರು)

ಹೋದ ವಾರ ಯಾರೋ ನನ್ನ ಅಂಗಡಿಯ ಷಟರ್ ಬೀಗ ಮುರಿದು ಗಲ್ಲಾಪೆಟ್ಟಿಗೆಯನ್ನು ಗುಡಿಸಿಕೊಂಡು ಹೋದರು. ಬೆಳಿಗ್ಗೆ ದೂರು ಕೊಡಲು ಠಾಣೆಗೆ ಹೋದರೆ ಅಲ್ಲಿದ್ದವರು ಇಬ್ಬರೇ. ಠಾಣೆಯ ಬರವಣಿಗೆ ನೋಡುವ ರೈಟರ್ ಒಬ್ಬರು, ವಾಕಿಟಾಕಿ ಹಿಡಿದು ಕುಳಿತಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು. ಗೋಡೆಯ ಕಪ್ಪು ಹಲಗೆಯ ಮೇಲೆ ಸಿಬ್ಬಂದಿಯ ಹೆಸರುಗಳ ಸಾಲು, ಅದರ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೂ ಸೀಮೆಸುಣ್ಣದಲ್ಲಿ ಒಂದೇ ಪದ: ಬಂದೋಬಸ್ತ್. ಊರಿಗೆ ಸಚಿವರು ಬರುವವರಿದ್ದರು. ಶಂಕುಸ್ಥಾಪನೆಯಂತೆ. ರೈಟರ್ ಸಭ್ಯರು, ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. "ಸ್ಥಳ ನೋಡುವುದಕ್ಕೆ ನಾಳೆ ಬರುತ್ತಾರೆ, ಏನನ್ನೂ ಮುಟ್ಟಬೇಡಿ" ಎಂದರು. ಮುಟ್ಟದೆ ಅಂಗಡಿ ತೆರೆಯುವುದು ಹೇಗೆ?

ನಾಯಕರಿಗೆ ರಕ್ಷಣೆ ಬೇಡ ಎಂಬ ವಾದ ನನ್ನದಲ್ಲ. ಯಾರಿಗೆ ಎಷ್ಟು ಪೊಲೀಸರು ಎಂದು ಯಾರು ತೀರ್ಮಾನಿಸುತ್ತಾರೆ? ಆ ದಿನ ಊರಿನ ಉಳಿದ ಕೆಲಸಕ್ಕೆ ಎಷ್ಟು ಜನ ಉಳಿಯಬೇಕು ಎಂಬ ಲೆಕ್ಕ ಎಲ್ಲಾದರೂ ಇದೆಯೇ? ತಿಳಿದವರು ಹೇಳಿ.

ನೇರ ಮಾತು (ಗುಬ್ಬಿ)

ಲೆಕ್ಕವೂ ಇಲ್ಲ, ಬುಕ್ಕೂ ಇಲ್ಲ. ಎಲ್ಲವೂ ಪ್ರತಿಷ್ಠೆ. ಹಿಂದೆ ಮುಂದೆ ನಾಲ್ಕು ಗಾಡಿ ಇಲ್ಲದಿದ್ದರೆ ಸ್ವಂತ ಕ್ಷೇತ್ರದಲ್ಲೇ ಯಾರೂ ನಮಸ್ಕಾರ ಮಾಡುವುದಿಲ್ಲ ಎಂಬ ಭಯ. ಶಂಕುಸ್ಥಾಪನೆಯ ಗುದ್ದಲಿಗೆ ಯಾವ ಉಗ್ರರ ಬೆದರಿಕೆ ಇರುತ್ತದೆ ಸ್ವಾಮಿ?

ನಿವೃತ್ತ ಎಎಚ್‌ಸಿ, ಡಿಎಆರ್ (ತುಮಕೂರು)

ಸಶಸ್ತ್ರ ಪಡೆಯಲ್ಲಿ ಹೆಡ್ ಕಾನ್‌ಸ್ಟೇಬಲ್ (ಎಎಚ್‌ಸಿ) ಆಗಿದ್ದವನು ನಾನು. ಅಂಗಡಿಯವರಿಗೆ ಉತ್ತರ ಕೊಡುತ್ತೇನೆ. ಗುಬ್ಬಿಯವರಿಗೂ ಸೇರಿಸಿ.

ನೀವು ನೋಡಿದ್ದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮಂತ್ರಿಗಳ ಮೈಗಾವಲಿನ ಗನ್‌ಮ್ಯಾನ್, ಮುಂದೆ ಹೋಗುವ ಪೈಲಟ್, ಹಿಂದೆ ಬರುವ ಎಸ್ಕಾರ್ಟ್, ಮನೆಯ ಗಾರ್ಡ್, ಖಜಾನೆಯ ಗಾರ್ಡ್ ಹೆಚ್ಚಾಗಿ ಸಶಸ್ತ್ರ ಮೀಸಲು ಪಡೆಯ ಕೆಲಸ. ಜಿಲ್ಲೆಯಲ್ಲಿ ಡಿಎಆರ್, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಿ ಸಿಎಆರ್. ನಮಗೆ ಡ್ಯೂಟಿ ಹಾಕುವವರು ಆರ್‌ಪಿಐ, ಅಂದರೆ ಮೀಸಲು ಪಡೆಯ ಇನ್‌ಸ್ಪೆಕ್ಟರ್. ರಸ್ತೆಯುದ್ದಕ್ಕೂ, ಸಭೆಯ ಮೈದಾನದಲ್ಲಿ ನಿಲ್ಲುವುದು ಬಂದೋಬಸ್ತ್. ಅದಕ್ಕೆ ಠಾಣೆಗಳ ಸಿವಿಲ್ ಪೊಲೀಸರನ್ನು ಎಳೆಯುತ್ತಾರೆ, ಸಾಲದಿದ್ದರೆ ರಾಜ್ಯ ಮೀಸಲು ಪೊಲೀಸ್ ಪಡೆಯ (ಕೆಎಸ್‌ಆರ್‌ಪಿ) ತುಕಡಿ, ಗೃಹರಕ್ಷಕರು. ನಿಮ್ಮ ಠಾಣೆ ಖಾಲಿಯಾದದ್ದು ಮೈಗಾವಲಿನಿಂದಲ್ಲ, ಬಂದೋಬಸ್ತಿನಿಂದ. ಮೈಗಾವಲನ್ನು ಬೆದರಿಕೆ ನೋಡಿ ಕೊಡಬೇಕು. ಬಂದೋಬಸ್ತಿಗೆ ಜನಸಂದಣಿಯೂ ಸೇರುತ್ತದೆ. ಸಚಿವರು ಬರುವ ಕಡೆ ಅಭಿಮಾನಿಗಳು, ಮನವಿ ಹಿಡಿದವರು, ಕಪ್ಪು ಬಾವುಟದವರು, ಎದುರು ಬಣದವರು ಎಲ್ಲರೂ ಇರುತ್ತಾರೆ. ಗುದ್ದಲಿಗೆ ಉಗ್ರರು ಬರುವುದಿಲ್ಲ ಎಂಬುದು ನಿಜ, ನೂಕುನುಗ್ಗಲು ಬರುತ್ತದೆ.

ಇನ್ನೊಂದು ವಿಷಯವನ್ನು ಹೊರಗಿನವರು ಗಮನಿಸುವುದಿಲ್ಲ. ತುಮಕೂರು ಜಿಲ್ಲೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಕುಳಿತಿದೆ. ಬೆಂಗಳೂರಿನಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ಎಲ್ಲಿಗೆ ಕಾರಿನಲ್ಲಿ ಹೋದರೂ ನಮ್ಮ ಮೇಲೇ ಹೋಗಬೇಕು. ನೆಲಮಂಗಲದ ಕಡೆಯಿಂದ ಬರುವ ಬೆಂಗಳೂರು ಗ್ರಾಮಾಂತರದ ಪೈಲಟ್ ಗಡಿಯಲ್ಲಿ ಬಿಟ್ಟರೆ ನಮ್ಮ ಜೀಪು ಹಿಡಿದುಕೊಳ್ಳಬೇಕು. ಕ್ಯಾತ್ಸಂದ್ರ, ಶಿರಾ ದಾಟಿಸಿ ಹಿರಿಯೂರಿನ ಕಡೆ ಚಿತ್ರದುರ್ಗದವರಿಗೆ ಒಪ್ಪಿಸಬೇಕು. ಹತ್ತು ಗಂಟೆಗೆ ಬರುತ್ತಾರೆ ಎಂದು ಸಂದೇಶವಿದ್ದರೆ ಒಂಬತ್ತಕ್ಕೇ ಗಡಿಯಲ್ಲಿರಬೇಕು. ಅವರು ಬೆಂಗಳೂರಿನಲ್ಲಿ ತಿಂಡಿ ಮುಗಿಸಿ ಹೊರಡುವುದೇ ಹನ್ನೊಂದಕ್ಕೆ. ಊರಿಗೆ ಬಂದ ಗಣ್ಯರಷ್ಟೇ ಕಾಣುತ್ತಾರೆ ನಿಮಗೆ. ಊರನ್ನು ದಾಟಿಹೋಗುವವರದ್ದೇ ನಮಗೆ ದೊಡ್ಡ ಕೆಲಸವಾಗಿತ್ತು. 2023ರಲ್ಲಿ ಜಿಲ್ಲೆಯ ಉಸ್ತುವಾರಿ ಸಚಿವರೇ ರಾಜ್ಯದ ಗೃಹ ಸಚಿವರೂ ಆದ ಮೇಲೆ ನಮ್ಮ ನಂತರದವರ ಪಾಡು ನೀವೇ ಊಹಿಸಿ.

ಗನ್‌ಮ್ಯಾನ್ ಬಗ್ಗೆ ಒಂದು ಮಾತು. ತರಬೇತಿಯಲ್ಲಿ ಮೊದಲು ಹೇಳಿಕೊಡುವುದೇ ಕೈ ಖಾಲಿ ಇರಬೇಕು, ಕಣ್ಣು ಜನರ ಕೈಗಳ ಮೇಲಿರಬೇಕು ಎಂದು. ಯಾವುದಾದರೂ ಸನ್ಮಾನ ಸಮಾರಂಭ ಮುಗಿದಾಗ ವೇದಿಕೆಯ ಪಕ್ಕಕ್ಕೆ ನೋಡಿ. ಗನ್‌ಮ್ಯಾನ್‌ನ ಎಡ ತೋಳಿನಲ್ಲಿ ಏಲಕ್ಕಿ ಹಾರ, ಭುಜದ ಮೇಲೆ ಮೂರು ಶಾಲು, ಕಂಕುಳಲ್ಲಿ ಮೈಸೂರು ಪೇಟ, ಬಲಗೈಯಲ್ಲಿ ಹಣ್ಣಿನ ಬುಟ್ಟಿ, ಸಾಹೇಬರ ಎರಡು ಮೊಬೈಲ್. ಪಿಸ್ತೂಲು ಸೊಂಟದಲ್ಲಿಯೇ ಇದೆ, ತೆಗೆಯುವುದು ಯಾವ ಕೈಯಿಂದ?

ನೇರ ಮಾತು (ಗುಬ್ಬಿ)

ಸರ್, ನಿಮ್ಮ ಹಣ್ಣಿನ ಬುಟ್ಟಿಯೇ ನನ್ನ ವಾದಕ್ಕೆ ಸಾಕ್ಷಿ. ನಿಜವಾದ ಬೆದರಿಕೆ ಇರುವವರು ಯಾರಾದರೂ ಗನ್‌ಮ್ಯಾನ್ ಕೈಗೆ ಬುಟ್ಟಿ ಕೊಡುತ್ತಾರೆಯೇ?

ತಿಪಟೂರು ವಕೀಲ

ಪ್ರತಿಷ್ಠೆ ಎಂದು ಒಂದೇ ಏಟಿಗೆ ತಳ್ಳಿಹಾಕುವುದು ಸುಲಭ. ಆದರೆ ಈ ವ್ಯವಸ್ಥೆಯ ಪ್ರತಿ ಪದರದ ಹಿಂದೆಯೂ ಒಂದು ಹೆಣವಿದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಕೊಂದವರು ಅವರದೇ ಮೈಗಾವಲಿನವರು. ಮರುವರ್ಷ ಪ್ರಧಾನಿಯನ್ನು ಕಾಯುವ ವಿಶೇಷ ಪಡೆ ಎಸ್‌ಪಿಜಿ ಹುಟ್ಟಿತು, 1988ರಲ್ಲಿ ಅದಕ್ಕೆ ಕಾಯ್ದೆ ಬಂತು. ಆ ಕಾಯ್ದೆ ಹಾಲಿ ಪ್ರಧಾನಿಗೆ, ಅವರ ಹತ್ತಿರದ ಕುಟುಂಬದವರಿಗೆ ಅಷ್ಟೇ ಇತ್ತು. 1989ರ ಚುನಾವಣೆಯಲ್ಲಿ ಸೋತ ರಾಜೀವ್ ಗಾಂಧಿಯವರಿಂದ ಆ ಕಾವಲು ಹೋಯಿತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಹಾರ ಹಾಕುವ ನೆಪದಲ್ಲಿ ಬಂದವಳು ಸೊಂಟಕ್ಕೆ ಬಾಂಬ್ ಕಟ್ಟಿಕೊಂಡಿದ್ದಳು. ಅದೇ ವರ್ಷ ಕಾಯ್ದೆ ತಿದ್ದಿ ಮಾಜಿ ಪ್ರಧಾನಿಗಳನ್ನೂ ಸೇರಿಸಿದರು. 2019ರಲ್ಲಿ ಮತ್ತೆ ತಿದ್ದಿ, ಮಾಜಿಗಳಿಗೆ ಅಧಿಕಾರ ಬಿಟ್ಟ ಮೇಲೆ ಐದು ವರ್ಷ ಎಂದು ಮಿತಿ ಹಾಕಿದರು.

ಉಳಿದವರಿಗೆ ಎಕ್ಸ್, ವೈ, ವೈ ಪ್ಲಸ್, ಝಡ್, ಝಡ್ ಪ್ಲಸ್ ಎಂಬ ಶ್ರೇಣಿಗಳು. ಗುಪ್ತಚರ ವರದಿಯ ಮೇಲೆ ಸಮಿತಿ ಕುಳಿತು ಕೊಡುವುದು, ಆಗಾಗ ಪರಿಶೀಲಿಸುವುದು ಕ್ರಮ. ಕಾಗದದ ಮೇಲೆ ಇದು ವ್ಯಕ್ತಿಯ ಹುದ್ದೆಗೆ ಸಲ್ಲುವ ಬಿರುದಲ್ಲ, ಆತನಿಗಿರುವ ಅಪಾಯಕ್ಕೆ ಸಿಗುವ ಕಾವಲು. ದುಡ್ಡಿದ್ದವರು ತಮ್ಮ ಕಾವಲಿನ ಖರ್ಚನ್ನು ತಾವೇ ಭರಿಸುವ ಪದ್ಧತಿಯೂ ಇದೆ. ಮುಕೇಶ್ ಅಂಬಾನಿ ಕುಟುಂಬದ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ.

ಕಡಿತ ಮಾಡುವುದೂ ಹುಡುಗಾಟವಲ್ಲ. 2022ರ ಮೇ 28ರಂದು ಪಂಜಾಬ್ ಸರ್ಕಾರ ನಾನೂರಕ್ಕೂ ಹೆಚ್ಚು ಜನರ ಭದ್ರತೆ ತಗ್ಗಿಸಿತು. ಪಟ್ಟಿ ಬಯಲಾಯಿತು. ಮರುದಿನವೇ ಆ ಪಟ್ಟಿಯಲ್ಲಿದ್ದ ಗಾಯಕ ಸಿಧು ಮೂಸೆವಾಲಾ ಅವರನ್ನು ಗುಂಡಿಟ್ಟು ಕೊಂದರು.

ನೇರ ಮಾತು (ಗುಬ್ಬಿ)

ವಕೀಲರೇ, ಪ್ರಧಾನಿಯ ಉದಾಹರಣೆ ಕೊಟ್ಟು ನಿಗಮ ಮಂಡಳಿ ಅಧ್ಯಕ್ಷರ ಗಾಡಿಯನ್ನು ಸಮರ್ಥಿಸಬೇಡಿ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊದ 2016ರ ಅಂಕಿ ಅಂಶದ ಪ್ರಕಾರ ದೇಶದಲ್ಲಿ 20 ಸಾವಿರಕ್ಕೂ ಹೆಚ್ಚು ಗಣ್ಯರನ್ನು ಕಾಯುತ್ತಿದ್ದವರು 56 ಸಾವಿರಕ್ಕೂ ಹೆಚ್ಚು ಪೊಲೀಸರು. ಅಷ್ಟೂ ಜನರ ಮೇಲೆ ಯಾರಾದರೂ ಹಾರ ಹಿಡಿದು ಬರುತ್ತಾರೆಯೇ?

ತಿಪಟೂರು ವಕೀಲ

ಇಲ್ಲ. ಅದಕ್ಕೇ ನಾನು ಹೇಳಿದ್ದು ಕಾಗದದ ಮೇಲೆ ಎಂದು.

ಪಾವಗಡದ ಮೇಷ್ಟ್ರು ಮಗಳು

ನೀವೆಲ್ಲ ಗಣ್ಯರ ಸುತ್ತಲೇ ಸುತ್ತುತ್ತಿದ್ದೀರಿ. ನಮ್ಮ ತಾಲ್ಲೂಕಿನವರು ಕಾವಲು ಎಂದರೆ ಬೇರೆಯದನ್ನೇ ನೆನೆಯುತ್ತಾರೆ.

2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ರಾಜ್ಯದ ಕಣ್ಣೆಲ್ಲ ಮಲೆನಾಡಿನ ಮೇಲಿತ್ತು. ಆ ಕಡೆಯ ಠಾಣೆಗಳಿಗೆ ಕಾವಲು, ಬೆಂಗಳೂರಿನಲ್ಲಿ ಮಂತ್ರಿಗಳಿಗೆ ಕಾವಲು. ವಾರ ತುಂಬುವ ಮೊದಲೇ ಏಟು ಬಿದ್ದದ್ದು ನಮ್ಮ ವೆಂಕಟಮ್ಮನಹಳ್ಳಿಯಲ್ಲಿ. ಒಂದು ಮರವೂ ನೆಟ್ಟಗಿಲ್ಲದ ಬಯಲುಸೀಮೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಶಾಲೆಯ ಕಟ್ಟಡದಲ್ಲಿ ಬಿಡಾರ ಮಾಡಿದ್ದ ಕೆಎಸ್‌ಆರ್‌ಪಿಯವರ ಮೇಲೆ ರಾತ್ರಿ ದೊಡ್ಡ ಗುಂಪೊಂದು ಬಂದು ಎರಗಿತು. ಮಲಗಿದ್ದವರು ಮಲಗಿದ್ದಲ್ಲೇ ಹೋದರು. ನಮ್ಮ ತಂದೆ ಆಗ ಪಕ್ಕದ ಹೋಬಳಿಯಲ್ಲಿ ಮೇಷ್ಟ್ರು. ಮಕ್ಕಳು ಪಾಠ ಕೇಳುವ ಕೊಠಡಿ ಅದು: ಕಿಟಕಿಗೆ ಸರಿಯಾದ ಬಾಗಿಲಿಲ್ಲ, ಸುತ್ತ ಕಾಂಪೌಂಡಿಲ್ಲ, ಮರಳುಚೀಲದ ಮರೆಯೂ ಇರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಕಾಯುವವರನ್ನು ಎಲ್ಲಿ ಮಲಗಿಸುತ್ತೀರಿ ಎಂಬುದೂ ಭದ್ರತೆಯೇ ಅಲ್ಲವೇ? ಇವತ್ತಿಗೂ ದೊಡ್ಡ ಕಾರ್ಯಕ್ರಮಕ್ಕೆ ಹೊರ ಜಿಲ್ಲೆಯಿಂದ ಬರುವ ಪೊಲೀಸರಿಗೆ ಸಿಗುವುದು ಶಾಲೆ ಅಥವಾ ಕಲ್ಯಾಣ ಮಂಟಪದ ನೆಲ.

ನಿವೃತ್ತ ಎಎಚ್‌ಸಿ, ಡಿಎಆರ್ (ತುಮಕೂರು)

ತಾಯಿ, ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಘಟನೆಯ ನಂತರ ಆ ಭಾಗಕ್ಕೆ ನಮ್ಮನ್ನೂ ಕಳಿಸಿದ್ದರು. ಹೆಚ್ಚಿಗೆ ಬರೆಯುವುದಿಲ್ಲ.

ಪೊಲೀಸ್ ಮನೆಯವಳು

ನೆಲದಲ್ಲಿ ಮಲಗುವುದನ್ನು ನಮ್ಮವರು ಬೇಜಾರಿನ ವಿಷಯ ಎಂದೇ ಎಣಿಸುವುದಿಲ್ಲ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶ್ರೀಗಳು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಬಂದರಲ್ಲ, ಆಗ ನಮ್ಮವರು ಮನೆಗೆ ಬಂದದ್ದು ಸಮವಸ್ತ್ರ ಬದಲಿಸುವುದಕ್ಕೆ ಮಾತ್ರ. ಆ ಡ್ಯೂಟಿಯ ಬಗ್ಗೆ ಒಂದು ದಿನವೂ ಗೊಣಗಿದವರಲ್ಲ. ಮಠದ ಪ್ರಸಾದ ತಿಂದು ನಿಂತೆವು ಎನ್ನುತ್ತಾರೆ. ಅವರು ಗೊಣಗುವುದು ರಸ್ತೆ ಪಾಯಿಂಟ್ ಡ್ಯೂಟಿಗೆ. ಬೆಳಿಗ್ಗೆ ಆರಕ್ಕೆ ಹೆದ್ದಾರಿಯ ಸೇತುವೆಯ ಕೆಳಗೆ ಇಳಿಸಿ ಹೋಗುತ್ತಾರೆ. ಗಾಡಿಗಳು ದಾಟುವುದು ಅರ್ಧ ನಿಮಿಷ, ಅದಕ್ಕೆ ಕಾಯುವುದು ಅರ್ಧ ದಿನ. ಪಲಾವ್ ಪೊಟ್ಟಣ ಬರುವುದು ನಾಲ್ಕು ಗಂಟೆಗೆ, ಬಿಸಿಲಿಗೆ ಹಳಸಿರುತ್ತದೆ. ಜೊತೆಯಲ್ಲಿ ಮಹಿಳಾ ಸಿಬ್ಬಂದಿ ಇದ್ದರೆ ಶೌಚಾಲಯಕ್ಕೆ ಯಾವುದಾದರೂ ಪೆಟ್ರೋಲ್ ಬಂಕ್ ಹುಡುಕಬೇಕು, ಪಾಯಿಂಟ್ ಬಿಟ್ಟರೆ ವಾಕಿಟಾಕಿಯಲ್ಲಿ ಬೈಗುಳ. ಹಾಗೆ ನಿಂತು ಬಂದವರು ಮರುದಿನ ಅಂಗಡಿಯವರ ಕಳ್ಳತನದ ಸ್ಥಳ ನೋಡಲು ಹೋಗಬೇಕು. ಯಾವ ಮುಖದಲ್ಲಿ ಹೋಗುತ್ತಾರೆ ನೀವೇ ಹೇಳಿ ಅಣ್ಣ.

ಬಿ.ಎಚ್. ರಸ್ತೆಯ ಅಂಗಡಿಯವ (ತುಮಕೂರು)

ಅಕ್ಕ, ಬಂದ ಕಾನ್‌ಸ್ಟೇಬಲ್ ಕಣ್ಣು ಕೆಂಪಾಗಿತ್ತು. ನಾನೇ ಟೀ ತರಿಸಿ ಕೊಟ್ಟೆ.

ಪಿಎಸ್ಐ ಆಕಾಂಕ್ಷಿ (ಕುಣಿಗಲ್)

ಒಂದು ಸಂದೇಹ. ಶೀರ್ಷಿಕೆಯಲ್ಲಿ ನಾಯಕರ ಮಾತಷ್ಟೇ ಇದೆ. ಕಟ್ಟಡಗಳ ಭದ್ರತೆ ಯಾರದು? ವಿಧಾನಸೌಧಕ್ಕೆ ಪ್ರತ್ಯೇಕ ಭದ್ರತಾ ವಿಭಾಗ, ಅದಕ್ಕೊಬ್ಬ ಡಿಸಿಪಿ ಇದ್ದಾರೆ. ನಮ್ಮ ಮೆಟ್ರೊಗೆ ರಾಜ್ಯ ಕೈಗಾರಿಕಾ ಭದ್ರತಾ ಪಡೆ (ಕೆಎಸ್‌ಐಎಸ್‌ಎಫ್) ಇದೆ. ಅಷ್ಟೆಲ್ಲ ಇದ್ದೂ 2023ರ ಜುಲೈನಲ್ಲಿ ಬಜೆಟ್ ಮಂಡನೆಯ ದಿನವೇ ಶಾಸಕರೆಂದು ಹೇಳಿಕೊಂಡ ವೃದ್ಧರೊಬ್ಬರು ವಿಧಾನಸಭೆಯೊಳಗೆ ಬಂದು ದೇವದುರ್ಗ ಶಾಸಕಿಯ ಆಸನದಲ್ಲಿ ಕುಳಿತಿದ್ದರು. ಪತ್ತೆ ಹಚ್ಚಿದ್ದು ಕಾವಲುಗಾರರಲ್ಲ, ಸದನದಲ್ಲಿದ್ದ ಇನ್ನೊಬ್ಬ ಶಾಸಕರು. ಅದೇ ವರ್ಷ ಡಿಸೆಂಬರ್ 13ರಂದು, 2001ರ ಸಂಸತ್ ದಾಳಿಯ ದಿನಾಂಕದಂದೇ, ಲೋಕಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಧುಮುಕಿ ಹೊಗೆಯ ಡಬ್ಬಿ ತೆರೆದರು. ಅವರು ಒಳಗೆ ಹೋದದ್ದು ಮೈಸೂರು ಸಂಸದರ ಕಚೇರಿ ಕೊಡಿಸಿದ ಪಾಸಿನಿಂದ, ಡಬ್ಬಿ ಇದ್ದದ್ದು ಬೂಟಿನಲ್ಲಿ. ಅಂದರೆ ಬಂದೂಕು ಎಷ್ಟಿದ್ದರೂ ಪಾಸ್ ಕೊಡುವ ಮೇಜು ಸಡಿಲವಾಗಿದ್ದರೆ ಮುಗಿಯಿತು ಅನ್ನಿಸುತ್ತದೆ.

ಕಂದಾಯದ ಕಡತ

ಹೆಸರು ಕೇಳಬೇಡಿ, ಕಂದಾಯ ಇಲಾಖೆಯಲ್ಲಿದ್ದೇನೆ. ವಿಧಾನಸೌಧ ಬಿಡಿ, ತಾಲ್ಲೂಕು ಕಚೇರಿಗೆ ಬನ್ನಿ. ನಾನು ಕೆಲಸ ಮಾಡಿದ ಒಂದು ಕಡೆ ಒಂದೇ ಆವರಣದಲ್ಲಿ ಎರಡು ಕೊಠಡಿಗಳು. ಒಂದು ಉಪಖಜಾನೆ: ಕಬ್ಬಿಣದ ಬಾಗಿಲು, ಎರಡು ಬೀಗ, ಎರಡು ಕೀಲಿ ಇಬ್ಬರ ಬಳಿ, ಹೊರಗೆ ಬಂದೂಕಿನ ಸೆಂಟ್ರಿ. ಒಂದು ಕಾಲಕ್ಕೆ ಅಲ್ಲಿ ನಗದು ಇರುತ್ತಿತ್ತು. ಈಗ ಪಾವತಿಗಳೆಲ್ಲ ನೇರವಾಗಿ ಬ್ಯಾಂಕ್ ಖಾತೆಗೆ. ಇನ್ನೊಂದು ರೆಕಾರ್ಡ್ ರೂಮ್. ಭೂಮಿ ತಂತ್ರಾಂಶ ಬಂದ ಮೇಲೆ ಪಹಣಿ ಕಂಪ್ಯೂಟರಿನಲ್ಲಿದೆ, ಸರಿ. ಆದರೆ ಹಳೆಯ ಮ್ಯುಟೇಷನ್ ವಹಿ, ಮಂಜೂರಾತಿ ಕಡತ, ಸಾಗುವಳಿ ಚೀಟಿಯ ಮೂಲ, ಇವೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿ ಕಬ್ಬಿಣದ ರ‍್ಯಾಕಿನ ಮೇಲೆ. ಕಿಟಕಿಯ ಸರಳು ತುಕ್ಕು ಹಿಡಿದಿದೆ, ಬಾಗಿಲಿಗೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಬೀಗ, ರಾತ್ರಿ ಕಾವಲಿಗೆ ಹೊರಗುತ್ತಿಗೆಯ ಒಬ್ಬ ವೃದ್ಧ. ಬೆಂಗಳೂರು ಬೆಳೆದು ಈ ಕಡೆ ಬಂದ ಮೇಲೆ ಆ ಗಂಟಿನೊಳಗಿನ ಒಂದು ಹಾಳೆಯ ಬೆಲೆ ಎಷ್ಟೆಂದು ಭೂವ್ಯಾಜ್ಯದವರಿಗೆ ಚೆನ್ನಾಗಿ ಗೊತ್ತು. ಭೂ ಸುರಕ್ಷಾ ಯೋಜನೆಯಲ್ಲಿ ಈಗ ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೆಯದು. ಬೀಗ ಮಾತ್ರ ಅದೇ.

ಸಚಿವರು ಪರಿಶೀಲನಾ ಸಭೆಗೆ ಬಂದಾಗ ಶ್ವಾನದಳ ಸಭಾಂಗಣದ ಪ್ರತಿ ಕುರ್ಚಿಯನ್ನೂ ಮೂಸುತ್ತದೆ. ರೆಕಾರ್ಡ್ ರೂಮಿನ ಮುಂದೆ ಹಾದುಹೋಗುತ್ತದೆ.

ಗೌರಿಬಿದನೂರಿನಿಂದ

ಪಕ್ಕದ ಜಿಲ್ಲೆಯವನು, ಒಂದು ಮಾತು ಸೇರಿಸಲೇ? ಕಟ್ಟಡದ ಭದ್ರತೆ ಎಂದರೆ ಬಹಳ ಸಲ ಜನರಿಂದ ಭದ್ರತೆ ಎಂದೇ ಅರ್ಥವಾಗಿಬಿಟ್ಟಿದೆ. ಅಂಗನವಾಡಿಯವರು, ರೈತರು, ಪೌರಕಾರ್ಮಿಕರು ಮನವಿ ಹಿಡಿದು ಬಂದರೆ ಜಿಲ್ಲಾಧಿಕಾರಿ ಕಚೇರಿಯ ದೊಡ್ಡ ಗೇಟು ಮುಚ್ಚುತ್ತದೆ, ಐವರು ಮಾತ್ರ ಒಳಗೆ ಬನ್ನಿ ಎನ್ನುತ್ತಾರೆ. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸಚಿವ ಸಂಪುಟ ಸಭೆ ನಡೆದಾಗ ಪ್ರವಾಸಿಗರಿಗೆ ಬೆಟ್ಟವನ್ನೇ ಮುಚ್ಚಿದರು. 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಅಲ್ಲಿಗೆ ಬಂದಾಗ ಮುಚ್ಚಿದ್ದರೆ ಅರ್ಥವಾಗುತ್ತದೆ, ಏಳು ದೇಶಗಳ ಮುಖ್ಯಸ್ಥರು. ನಮ್ಮದೇ ಸಚಿವರು ನಮ್ಮ ಜಿಲ್ಲೆಯ ನೀರಿನ ಬಗ್ಗೆ ತೀರ್ಮಾನ ಮಾಡಲು ಬಂದಾಗ ನಾವೇ ಬೆಟ್ಟದ ಕೆಳಗೆ.

ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದವರ ಮೇಲೆ ಗುಂಡು ಹಾರಿಸಿದ್ದೂ ಶಾಂತಿ ಕಾಪಾಡುವ ಹೆಸರಿನಲ್ಲೇ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೂ ಗೇಟು ಮುಚ್ಚಿದಾಗ ಅದು ನೆನಪಾಗುತ್ತದೆ.

ನೇರ ಮಾತು (ಗುಬ್ಬಿ)

ಒಪ್ಪುವ ಮಾತು. ಸಿದ್ದರಾಮಯ್ಯನವರು 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದ ಕೂಡಲೇ ತಮಗೆ ಝೀರೊ ಟ್ರಾಫಿಕ್ ಬೇಡ ಎಂದು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ಹೇಳಿದರು. 2017ರ ಮೇ 1ರಿಂದ ಕೆಂಪು ದೀಪಗಳೂ ಹೋದವು. ಸಂಕೇತಗಳು ಹೋಗುತ್ತವೆ, ಸಿಬ್ಬಂದಿ ಉಳಿಯುತ್ತದೆ. ದೀಪ ತೆಗೆದ ಗಾಡಿಯ ಮುಂದೆ ಈಗ ಸೈರನ್ ಹಾಕಿದ ಜೀಪು ಓಡುತ್ತದೆ.

ನಿವೃತ್ತ ಎಎಚ್‌ಸಿ, ಡಿಎಆರ್ (ತುಮಕೂರು)

ಗುಬ್ಬಿಯವರೇ, ನಿಮ್ಮ ಊರಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೆ ಪ್ರಧಾನಿ ಬಂದಿದ್ದರು. ಅಂಥ ಭೇಟಿಯಲ್ಲಿ ಏನಾಗುತ್ತದೆ ಗೊತ್ತೇ? ಮುಂಚಿತವಾಗಿ ಎಸ್‌ಪಿಜಿ ಬಂದು ಜಿಲ್ಲಾಡಳಿತ, ಪೊಲೀಸ್, ಆರೋಗ್ಯ, ವಿದ್ಯುತ್, ಲೋಕೋಪಯೋಗಿ ಎಲ್ಲರನ್ನೂ ಕೂರಿಸಿ ಸಭೆ ಮಾಡುತ್ತದೆ. ಯಾವ ಆಸ್ಪತ್ರೆ, ಯಾವ ಗುಂಪಿನ ರಕ್ತ, ಹೆಲಿಕಾಪ್ಟರ್ ಹಾರದಿದ್ದರೆ ಯಾವ ರಸ್ತೆ, ಆ ರಸ್ತೆ ಕೆಟ್ಟರೆ ಯಾವ ರಸ್ತೆ, ಎಲ್ಲವೂ ಬರಹದಲ್ಲಿ. ಹಿಂದಿನ ದಿನ ಪೂರ್ತಿ ರಿಹರ್ಸಲ್. 2022ರ ಜನವರಿಯಲ್ಲಿ ಪಂಜಾಬಿನ ಫಿರೋಜ್‌ಪುರದ ಬಳಿ ಪ್ರಧಾನಿಯ ವಾಹನಗಳು ಮೇಲ್ಸೇತುವೆಯಲ್ಲಿ ನಿಂತುಬಿಟ್ಟವಲ್ಲ, ಅಂಥದ್ದಾಗಬಾರದೆಂದು. ಅದು ಕಟ್ಟುನಿಟ್ಟು, ಆದರೆ ಯಾರು ಎಲ್ಲಿ ಏಕೆ ನಿಂತಿದ್ದಾರೆ ಎಂದು ಕೊನೆಯ ಪೇದೆಗೂ ಗೊತ್ತಿರುತ್ತದೆ. ಸ್ಥಳೀಯ ಕಾರ್ಯಕ್ರಮಗಳಲ್ಲಿ ಆ ಲೆಕ್ಕಾಚಾರ ಇರುವುದಿಲ್ಲ. "ಇನ್ನೂ ಇಪ್ಪತ್ತು ಜನರನ್ನು ಕಳಿಸಿ" ಎಂದು ಫೋನ್ ಬರುತ್ತದೆ, ಕಳಿಸುತ್ತಾರೆ. ಆ ಇಪ್ಪತ್ತು ಜನ ನಿಮ್ಮ ಠಾಣೆಯವರು.

ಮೇಲಿನವರು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಜೂನ್ 4 ಸಾಕು. ಆರ್‌ಸಿಬಿ ಗೆಲುವಿನ ಸಮಾರಂಭ ವಿಧಾನಸೌಧದ ಮೆಟ್ಟಿಲ ಮೇಲೆ, ಇನ್ನೊಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಲಕ್ಷಾಂತರ ಜನ ಬರುತ್ತಾರೆ, ಸಿಬ್ಬಂದಿ ಕೊರತೆಯಿದೆ ಎಂದು ವಿಧಾನಸೌಧ ಭದ್ರತೆಯ ಡಿಸಿಪಿ ಅಂದೇ ಪತ್ರ ಬರೆದಿದ್ದರು. ಕ್ರೀಡಾಂಗಣದ ಗೇಟುಗಳಲ್ಲಿ 11 ಜನ ಸತ್ತರು. ವೇದಿಕೆಯ ಮೇಲಿದ್ದವರಿಗೆ ಗೀರೂ ಆಗಲಿಲ್ಲ. ಅಮಾನತಾದವರು ಪೊಲೀಸರು.

ನಿರ್ವಾಹಕ

ಒಂದು ಪ್ರತಿಕ್ರಿಯೆ ತೆಗೆದಿದ್ದೇನೆ. ಯಾವ ನಾಯಕರ ಮನೆಯಲ್ಲಿ ಎಷ್ಟು ಗಾರ್ಡ್, ಯಾವ ಹೊತ್ತಿಗೆ ಬದಲಾಗುತ್ತಾರೆ ಎಂದು ಇಲ್ಲಿ ಬರೆಯಬೇಡಿ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು, ಓದುವವರೆಲ್ಲ ಹಾಗಿರುವುದಿಲ್ಲ.

ತಿಪಟೂರು ವಕೀಲ

ಸರಿಯಾದ ಕೆಲಸ. ಮಾಹಿತಿ ಹಕ್ಕು ಕಾಯ್ದೆಯಲ್ಲೂ ಅದನ್ನು ಕೇಳಿದರೆ ಕಲಂ 8(1)(ಜಿ) ತೋರಿಸಿ ನಿರಾಕರಿಸುತ್ತಾರೆ, ಜೀವಕ್ಕೆ ಅಪಾಯ ತರುವ ಮಾಹಿತಿ ಎಂದು. ಆದ್ದರಿಂದ ಹೆಸರು ಕೇಳಬಾರದು, ಒಟ್ಟು ಸಂಖ್ಯೆ ಕೇಳಬೇಕು. ಅಂಗಡಿಯವರೇ, ನಿಮ್ಮ ಮೂಲ ಪ್ರಶ್ನೆಗೆ ಸಿಗಬಹುದಾದ ಉತ್ತರ ಇದೊಂದೇ ದಾರಿಯಲ್ಲಿದೆ. ಜಿಲ್ಲಾ ಪೊಲೀಸ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಬರೆಯಿರಿ:

"ಕಳೆದ ಆರ್ಥಿಕ ವರ್ಷದಲ್ಲಿ ತುಮಕೂರು ನಗರದ ಪ್ರತಿ ಠಾಣೆಯಿಂದ ಗಣ್ಯರ ಭೇಟಿಯ ಬಂದೋಬಸ್ತಿಗೆ ನಿಯೋಜಿಸಿದ ಸಿಬ್ಬಂದಿಯ ತಿಂಗಳವಾರು ಒಟ್ಟು ಸಂಖ್ಯೆ, ಅಂಥ ದಿನಗಳಲ್ಲಿ ಠಾಣೆಯಲ್ಲಿ ಉಳಿಯಬೇಕಾದ ಕನಿಷ್ಠ ಸಿಬ್ಬಂದಿಯ ಬಗ್ಗೆ ಹೊರಡಿಸಿದ ಸುತ್ತೋಲೆಯ ಪ್ರತಿ."

ಕಂದಾಯದ ಕಡತ

ಅದರಲ್ಲೇ ತಾಲ್ಲೂಕು ಕಚೇರಿಗಳ ರಾತ್ರಿ ಕಾವಲಿನ ವಿವರವನ್ನೂ ಸೇರಿಸಿಬಿಡಿ ಸರ್.

ತಿಪಟೂರು ವಕೀಲ

ಸೇರಿಸಬಾರದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಬೆರೆಸಿದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಕಾವಲಿನದ್ದು ಕಂದಾಯ ಇಲಾಖೆಗೆ ಹೋಗುವ ಅರ್ಜಿ. ನೀವು ಒಳಗಿನವರು, ನೀವು ಹಾಕಬೇಡಿ, ಬೇರೆ ಯಾರಾದರೂ ಹಾಕಲಿ.

ಪಾವಗಡದ ಮೇಷ್ಟ್ರು ಮಗಳು

ಅದನ್ನು ನಾನು ಹಾಕುತ್ತೇನೆ. ಬಂದೋಬಸ್ತಿಗೆ ಬಂದ ಹೊರ ಜಿಲ್ಲೆಯ ಸಿಬ್ಬಂದಿಗೆ ವಸತಿ ಎಲ್ಲಿ ಕೊಡುತ್ತಾರೆ ಎಂದು ಇನ್ನೊಂದನ್ನೂ ಎಸ್‌ಪಿ ಕಚೇರಿಗೆ ಹಾಕುತ್ತೇನೆ. ಕರಡು ನೋಡಿಕೊಡುತ್ತೀರಾ ವಕೀಲರೇ?

ಬಿ.ಎಚ್. ರಸ್ತೆಯ ಅಂಗಡಿಯವ (ತುಮಕೂರು)

ನನ್ನದನ್ನು ಸೋಮವಾರ ಅಂಚೆಗೆ ಹಾಕುತ್ತೇನೆ. ಮೂವತ್ತು ದಿನದೊಳಗೆ ಏನು ಬರುತ್ತದೋ, ಬಾರದಿದ್ದರೆ ಮೇಲ್ಮನವಿಯ ದಾರಿಯನ್ನೂ ಇಲ್ಲೇ ಕೇಳುತ್ತೇನೆ. ಕಳ್ಳ ಇನ್ನೂ ಸಿಕ್ಕಿಲ್ಲ. ಈ ಶುಕ್ರವಾರ ಇನ್ನೊಂದು ಶಂಕುಸ್ಥಾಪನೆ ಇದೆಯಂತೆ, ಅಂಗಡಿಗೆ ಈ ಸಲ ಎರಡು ಬೀಗ.